ದ್ಯಾಮವ್ವನ ಕೋಣಕ್ಕೂ ಒಬ್ಬ ತಾಯಿ ಇದ್ದಳು

ಜೆಸ್ಸಾ ಸ್ಲೇಡ್ ಎಂಬ ಅಮೆರಿಕನ್ ಲೇಖಕಿಯ ‘ಸೆಡ್ಯೂಸ್ಡ್ ಬೈ ಶ್ಯಾಡೋಸ್’ (2009) ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ನಾನು ಓದಿದ್ದು ಧಾರವಾಡದಿಂದ ನವಲಗುಂದದ ಕಡೆ ಹೋಗುವ ಬಸ್ಸಿನಲ್ಲಿ, ಮೊಬೈಲಿನ ಮೇಲೆ. ಊರಿನಲ್ಲಿ ದ್ಯಾಮವ್ವನ ಜಾತ್ರೆ ಇತ್ತು. ನಮ್ಮೂರ ಜಾತ್ರೆ ವರ್ಷ ವರ್ಷ ಬರುವಂಥದ್ದಲ್ಲ. ಹಿಂದಿನದು ಆದಾಗ ನಾನಿನ್ನೂ ಪಿಯುಸಿ ಓದುತ್ತಿದ್ದೆ. ದಾರಿ ಸಾಗಲಿ ಎಂದು ಹಗುರವಾದದ್ದೇನಾದರೂ ಇರಲೆಂದು ಈ ಕಾದಂಬರಿ ತೆರೆದಿದ್ದೆ. ಊರು ಮುಟ್ಟುವಷ್ಟರಲ್ಲಿ ಅದು ಹಗುರವಾಗಿ ಉಳಿದಿರಲಿಲ್ಲ. ಕಾದಂಬರಿ ಅಷ್ಟು ದೊಡ್ಡದು ಎಂದಲ್ಲ. ಅದು ಹೇಳುವ ಕತೆಯ ಒಂದು ಹಳೆಯ ಪಾಠ ನಮ್ಮೂರ ಗುಡಿಯಲ್ಲಿದೆ. ಆ ಪಾಠದಲ್ಲಿ ನಾನು ಬೇಟೆಯಾಡುವವಳ ಕಡೆಗೂ ಇದ್ದೇನೆ, ಬೇಟೆಯಾಗುವವನ ಕಡೆಗೂ ಇದ್ದೇನೆ.

ಮೊದಲು ಕಾದಂಬರಿ. ಇಂಗ್ಲಿಷಿನಲ್ಲಿ ‘ಅರ್ಬನ್ ಫ್ಯಾಂಟಸಿ’ ಎಂದು ಕರೆಯುವ ಪ್ರಕಾರ ಇದು. ಇಲ್ಲಿ ದೆವ್ವ, ರಕ್ತಪಿಪಾಸು, ಮಾಟಗಾರರೆಲ್ಲ ಕಾಡಿನಲ್ಲೋ ಹಳೆಯ ಕೋಟೆಯಲ್ಲೋ ಇರುವುದಿಲ್ಲ. ಇವತ್ತಿನ ನಗರದ ಬೀದಿ, ಬಾರು, ಪಾರ್ಕಿಂಗ್ ಜಾಗಗಳಲ್ಲಿ ಇರುತ್ತಾರೆ. ಸ್ಲೇಡ್ ಅವರ ನಗರ ಶಿಕಾಗೋ. ನಾಯಕಿ ಸೆರಾಳ ಮೈಯೊಳಗೆ ಒಂದು ದೆವ್ವ ಸೇರಿಕೊಳ್ಳುತ್ತದೆ. ಆದರೆ ಅದು ಪಶ್ಚಾತ್ತಾಪ ಪಟ್ಟ ದೆವ್ವ. ಲೇಖಕಿ ಅದಕ್ಕಿಟ್ಟ ಹೆಸರು ‘ತೆಶುವಾ’. ಹೀಬ್ರೂ ಭಾಷೆಯಲ್ಲಿ ಪಶ್ಚಾತ್ತಾಪ, ಮರಳಿ ಬರುವುದು ಎಂಬ ಅರ್ಥದ ಮಾತು. ಇಂಥ ದೆವ್ವ ಹೊಕ್ಕವರದೊಂದು ಪಡೆ ಇದೆ. ತಮ್ಮೊಳಗಿನ ದೆವ್ವದ ಶಕ್ತಿಯಿಂದಲೇ ಅವರು ಹೊರಗಿನ ದೆವ್ವಗಳನ್ನು ಬೇಟೆಯಾಡುತ್ತಾರೆ. ಶತಮಾನಗಳಿಂದ ಬದುಕಿರುವ ಆರ್ಚರ್ ಎಂಬವನು ಸೆರಾಳನ್ನು ಈ ಲೋಕಕ್ಕೆ ಕರೆತರುತ್ತಾನೆ. ಅಲ್ಲಿಯವರೆಗೆ ಆ ಪಡೆಯ ಗಂಡಸರು ಹೆಣ್ಣೊಬ್ಬಳ ಜೊತೆ ನಿಂತು ಕಾದಿದವರಲ್ಲ. ಪ್ರೇಮವೂ ಇದೆ, ಹೊಡೆದಾಟವೂ ಇದೆ.

ಇದಕ್ಕೂ ಎರಡು ವರ್ಷ ಮೊದಲು ಬಂದ ಜೆನ್ನಾ ಬ್ಲ್ಯಾಕ್ ಅವರ ‘ದಿ ಡೆವಿಲ್ ಇನ್‌ಸೈಡ್’ ಇದೇ ದಾರಿಯದು. ಅದರ ಮಾರ್ಗನ್ ಕಿಂಗ್ಸ್ಲೀಗೆ ದೆವ್ವ ಬಿಡಿಸುವುದೇ ಉದ್ಯೋಗ. ಆ ಲೋಕದಲ್ಲಿ ಒಪ್ಪಿ ಮೈಗೊಟ್ಟರೆ ದೆವ್ವ ಕಾನೂನುಬದ್ಧ, ಒಪ್ಪಿಗೆಯಿಲ್ಲದೆ ಹೊಕ್ಕರೆ ಅಪರಾಧ. ಹಾಗೆ ಹೊಕ್ಕವನ್ನು ಹೊರಹಾಕುವ ಮಾರ್ಗನ್‌ಳ ಮೈಯಲ್ಲೇ ಅವಳು ಒಪ್ಪದ ದೆವ್ವವೊಂದು ಕೂತಿದೆ.

ಇಂಥ ಕಾದಂಬರಿಗಳನ್ನು ‘ಕಾಲಹರಣದ ಸರಕು’ ಎಂದು ಬದಿಗಿಡುವುದು ಸುಲಭ. ನಾನು ಹಾಗೆ ಮಾಡಲಾರೆ. ಹೆಣ್ಣಿನ ಸಿಟ್ಟಿಗೆ ಇವು ಒಂದು ಮೈ ಕೊಡುತ್ತವೆ. ಒಳ್ಳೆಯವಳಾಗಿರು, ಸುಮ್ಮನಿರು ಎಂದು ಕೇಳಿ ಕೇಳಿ ಬೆಳೆದ ಓದುಗಳಿಗೆ ಇವು ಹೇಳುವುದಿಷ್ಟು: ನಿನ್ನೊಳಗೆ ಕೆಟ್ಟದ್ದೊಂದು ಇದೆ ಎಂದು ಹೆದರಬೇಡ, ಅದೇ ನಿನ್ನ ಶಕ್ತಿ. ಈ ಮಾತಿಗೆ ಬೆಲೆ ಇದೆ. ನನ್ನ ತಕರಾರು ಇನ್ನೊಂದು ಬದಿಗೆ. ನಾಯಕಿಯ ಒಳಗಿನ ದೆವ್ವಕ್ಕೆ ಹೆಸರಿದೆ, ಪಶ್ಚಾತ್ತಾಪ ಇದೆ, ಚರಿತ್ರೆ ಇದೆ. ಬೀದಿಯಲ್ಲಿ ಸಾಯುವ ಬಹುತೇಕ ದೆವ್ವಗಳಿಗೆ ಇದ್ಯಾವುದೂ ಇಲ್ಲ. ಅವಕ್ಕೆ ಮನೆ ಇಲ್ಲ, ಭಾಷೆ ಇಲ್ಲ, ಕಾಯುತ್ತ ಕೂತವರಿಲ್ಲ. ಹಾಗಾಗಿ ಕೊಂದ ಕೈ ಸ್ವಚ್ಛವಾಗಿಯೇ ಉಳಿಯುತ್ತದೆ. ಕೊಲ್ಲಬೇಕಾದವರ ಪಟ್ಟಿ ಯಾರು ಬರೆದರು ಎಂದು ನಾಯಕಿ ಕೇಳುವ ಪ್ರಸಂಗವೇ ಬರುವುದಿಲ್ಲ.

ನಮ್ಮ ಕಡೆ ಈ ಪಟ್ಟಿ ಮಾತಿನಲ್ಲೇ ಇದೆ. ದೇವಿ ಮೈಮ್ಯಾಗ ‘ಬರ್ತಾಳ’. ದೆವ್ವ ‘ಬಡಕೊಂತೈತಿ’, ಗಾಳಿ ‘ಸೋಕತೈತಿ’. ಬರುವವಳಿಗೆ ಕುಂಕುಮ, ಭಂಡಾರ, ಕಾಯಿ. ಬಡಿದುಕೊಂಡದ್ದಕ್ಕೆ ಬೇವಿನ ಬರಲು, ಮೆಣಸಿನಕಾಯಿ ಹೊಗೆ. ನಡುಗುವ ಮೈ ಮಾತ್ರ ಒಂದೇ ಥರ ನಡುಗುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಅಮಾವಾಸ್ಯೆ ರಾತ್ರಿ ಕೂಗಾಡತೊಡಗಿದಳು. ನನ್ನ ಆಯಿ ಹಾಗೆ ಕೂಗಿದಾಗ ಜನ ಕಾಲಿಗೆ ಬೀಳುತ್ತಿದ್ದರು; ಈ ಹುಡುಗಿಯನ್ನು ಚಕ್ಕಡಿಯಲ್ಲಿ ಕೂರಿಸಿ ಬಿಡಿಸುವವರ ಹತ್ತಿರ ಒಯ್ದರು. ಆಯಿಗೆ ಆಗಲೇ ಮೊಮ್ಮಕ್ಕಳಿದ್ದರು, ಹುಡುಗಿಗೆ ಇನ್ನೂ ಮಕ್ಕಳಿರಲಿಲ್ಲ. ನನಗೆ ಕಂಡ ವ್ಯತ್ಯಾಸ ಇಷ್ಟೇ. ಅವಳು ಕೂಗಿ ಹೇಳಿದ್ದೇನು ಎಂಬುದು ಯಾರಿಗೂ ನೆನಪಿಲ್ಲ. ದೆವ್ವದ ಮಾತನ್ನು ಯಾರು ನೆನಪಿಡುತ್ತಾರೆ? ಈಗ 2017ರ ಕರ್ನಾಟಕದ ಮೌಢ್ಯಾಚರಣೆ ವಿರೋಧಿ ಕಾಯ್ದೆ ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ಅಪರಾಧವೆನ್ನುತ್ತದೆ. ಆಗಲೇಬೇಕಾಗಿದ್ದ ಕೆಲಸ ಅದು. ಆದರೆ ಯಾರದು ದೇವಿ, ಯಾರದು ದೆವ್ವ ಎಂದು ಓಣಿ ತೀರ್ಮಾನಿಸುವ ಆ ಗಳಿಗೆಯನ್ನು ಹಿಡಿಯಬಲ್ಲದ್ದು ಕತೆ ಒಂದೇ.

ಹಾಗೆ ಹಿಡಿದ ಕತೆ ದ್ಯಾಮವ್ವನದು. ಅಣ್ಣಿಗೇರಿ, ನವಲಗುಂದದ ಎರೆಸೀಮೆಯಿಂದ ಕಲಘಟಗಿಯ ಮಲೆನಾಡ ಸೆರಗಿನವರೆಗೆ ಊರೂರಲ್ಲಿ ಅವಳ ಗುಡಿ ಇದೆ. ಎಷ್ಟೋ ಕಡೆ ಕಟ್ಟಿಗೆಯ ಮೂರ್ತಿ, ಮೇಲೆ ಢಾಳಾದ ಬಣ್ಣ, ಅಗಲ ಕಣ್ಣು. ಪುರಾಣ ಬಲ್ಲವರು ಅವಳನ್ನು ಮಹಿಷನನ್ನು ಕೊಂದ ದುರ್ಗೆ ಎಂದೇ ಹೇಳುತ್ತಾರೆ. ಪುರಾಣದಲ್ಲಿ ಮಹಿಷ ಹೊರಗಿನವನು, ದೇವತೆಗಳ ಶತ್ರು. ಆದರೆ ಊರಲ್ಲಿ ಹೇಳುವ ಕತೆ ಬೇರೆ. ಅಲ್ಲಿ ಕೋಣ ಅಂದರೆ ಅವಳ ಗಂಡ.

ಆಯಿ ಹೇಳುತ್ತಿದ್ದ ಪಾಠ ಹೀಗಿದೆ. ಕೇರಿಯ ಹುಡುಗನೊಬ್ಬನಿಗೆ ಓದಿನ ಹುಚ್ಚು. ತನ್ನೂರಲ್ಲಿ ಕಲಿಸುವವರಿಲ್ಲ ಎಂದು ದೂರದ ಊರಿಗೆ ಹೋಗಿ, ಜಾತಿ ಮುಚ್ಚಿಟ್ಟು, ಬ್ರಾಹ್ಮಣರ ಮನೆಯಲ್ಲಿ ಶಾಸ್ತ್ರ ಕಲಿಯುತ್ತಾನೆ. ಜಾಣನೆಂದು ಮೆಚ್ಚಿ ಗುರು ತನ್ನ ಮಗಳನ್ನೇ ಕೊಟ್ಟು ಮದುವೆ ಮಾಡುತ್ತಾನೆ. ಮಕ್ಕಳಾಗುತ್ತವೆ. ವರ್ಷಗಳಾದ ಮೇಲೆ ಮಗನನ್ನು ಹುಡುಕಿಕೊಂಡು ತಾಯಿ ಬರುತ್ತಾಳೆ. ಬಾಯಿ ಬಿಟ್ಟರೆ ಮಾತಿನ ಧಾಟಿಯಿಂದಲೇ ಗುರುತು ಸಿಕ್ಕೀತೆಂದು ಅವನು ‘ಮೂಗಿಯ ಹಾಂಗ ಇರು’ ಎಂದು ಅವಳನ್ನು ಬೇಡಿಕೊಳ್ಳುತ್ತಾನೆ. ಸೊಸೆ ಹೋಳಿಗೆ ಮಾಡಿ ಬಡಿಸುತ್ತಾಳೆ. ಜನ್ಮದಲ್ಲಿ ಅಂಥದ್ದು ಉಣ್ಣದ ಮುದುಕಿ ತಡೆಯಲಾರದೆ, ‘ಎಷ್ಟ ಮೆತ್ತಗೈತಿ, ಕೋಣದ ನಾಲಗಿ ಇದ್ದಂಗೈತಿ’ ಅನ್ನುತ್ತಾಳೆ. ಅಷ್ಟೇ. ಸೊಸೆಗೆ ಎಲ್ಲ ಗೊತ್ತಾಗುತ್ತದೆ. ಅವಳ ಮೈಯಲ್ಲಿ ಬೆಂಕಿ ಹೊಕ್ಕುತ್ತದೆ. ಮನೆಗೆ ಬೆಂಕಿ ಇಡುತ್ತಾಳೆ, ಮಕ್ಕಳನ್ನೂ ಉಳಿಸುವುದಿಲ್ಲ. ಗಂಡ ಓಡಿ ಕೋಣನ ಮೈಯಲ್ಲಿ ಅಡಗುತ್ತಾನೆ. ಅವನನ್ನು ಹುಡುಕಿ ಕೊಂದು ಅವಳು ದ್ಯಾಮವ್ವ ಆಗುತ್ತಾಳೆ.

ಇದು ನಮ್ಮ ಮನೆಯ ಕತೆ ಮಾತ್ರವಲ್ಲ. ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ 1916ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಗ್ರಾಮದೇವತೆಗಳ ಪುಸ್ತಕದಲ್ಲಿ ಇದರದೊಂದು ರೂಪ ಇದೆ. ಬಲಿಯಾದ ಕೋಣದ ಕಾಲನ್ನು ಕಡಿದು ಅದರ ಬಾಯಿಗೇ ಇಡುವ ಪದ್ಧತಿಗೆ ಜನ ಕೊಡುತ್ತಿದ್ದ ಕಾರಣವೂ ಈ ಕತೆಯೇ. ಅದು ಗಂಡನಿಗೆ ಮಾಡುವ ಅವಮಾನ.

ಈಗ ಶಿಕಾಗೋದ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಟ್ಟು ಒಂದೇ: ಹೆಣ್ಣೊಬ್ಬಳ ಮೈಯಲ್ಲಿ ಮನುಷ್ಯಳದಲ್ಲದ ಶಕ್ತಿ ಹೊಕ್ಕು, ಅದರ ಬಲದಿಂದ ಅವಳು ಅಸುರನನ್ನು ಬೇಟೆಯಾಡುತ್ತಾಳೆ. ಆದರೆ ಕಾದಂಬರಿ ಮುಚ್ಚಿಟ್ಟದ್ದನ್ನು ಊರಿನ ಕತೆ ಬಿಚ್ಚಿಟ್ಟಿದೆ. ಅಸುರನಿಗೆ ಇಲ್ಲಿ ಊರಿದೆ, ಮಕ್ಕಳಿವೆ, ಓದಿನ ಆಸೆ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೊಬ್ಬ ತಾಯಿ ಇದ್ದಾಳೆ. ಅವನು ಅಸುರನಾಗಿ ಹುಟ್ಟಿದವನಲ್ಲ. ಹೋಳಿಗೆಯ ಎಲೆಯ ಮುಂದೆ, ಒಂದು ಮಾತಿನಿಂದ ಅಸುರನಾದವನು. ಆ ಮಾತಿಗೆ ಮುಂಚಿನ ಕ್ಷಣದವರೆಗೆ ಅವನು ಆ ಮನೆಯ ಅಳಿಯ, ಪಂಡಿತ, ಅಪ್ಪ. ದೆವ್ವ ತಯಾರಾಗುವುದು ಹೇಗೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಕತೆಯನ್ನು ನಾನು ಇನ್ನೊಂದು ಓದಿಲ್ಲ.

ಹಾಗೆಂದು ಈ ಕತೆ ನಮ್ಮ ಪರವಾಗಿದೆ ಎಂದು ನಾನು ಹೇಳುತ್ತಿಲ್ಲ. ಕತೆ ತೀರ್ಪು ಕೊಡುವುದು ಅವನ ವಿರುದ್ಧವೇ. ಅವನ ತಪ್ಪುಗಳ ಲೆಕ್ಕ ತೆಗೆದರೆ ಎರಡು ಸಿಗುತ್ತವೆ: ಓದಿದ್ದು, ಮದುವೆಯಾದದ್ದು. ಪಿಎಚ್.ಡಿ. ಮಾಡುತ್ತಿರುವ ಕೇರಿಯ ಹುಡುಗಿಗೆ ಇದರಲ್ಲಿ ಮೊದಲನೆಯದು ಚುಚ್ಚದೆ ಬಿಡುವುದಿಲ್ಲ. ಸೆಮಿನಾರಿನಲ್ಲಿ ಮಾತಾಡಲು ನಿಂತಾಗ ‘ಶ’ಕಾರ ‘ಸ’ಕಾರ ತಪ್ಪಿತೇನೋ ಎಂದು ಈಗಲೂ ನಾಲಗೆ ಒಣಗುತ್ತದೆ. ಮಗ ತಾಯಿಗೆ ಯಾಕೆ ಮೂಗಿಯ ಹಾಗೆ ಇರು ಎಂದ ಎಂಬುದು ನನಗೆ ಯಾವ ಸಿದ್ಧಾಂತವೂ ಇಲ್ಲದೆ ಅರ್ಥವಾಗುತ್ತದೆ.

ಇನ್ನೊಂದು ಕಡೆ, ಆ ಹೆಣ್ಣಿನ ಸಿಟ್ಟು ಸುಳ್ಳಲ್ಲ. ಅವಳನ್ನು ಮದುವೆ ಮಾಡಿಕೊಟ್ಟವರೂ ಕೇಳಲಿಲ್ಲ, ಮದುವೆಯಾದವನೂ ನಿಜ ಹೇಳಲಿಲ್ಲ. ಜೆನ್ನಾ ಬ್ಲ್ಯಾಕ್ ಅವರ ಕಾದಂಬರಿಯ ಮಾತಿನಲ್ಲಿ ಹೇಳುವುದಾದರೆ ಇದು ಒಪ್ಪಿಗೆಯ ಪ್ರಶ್ನೆ. ಆದರೆ ಅವಳ ಸಿಟ್ಟಿಗೆ ಕತೆ ಕೊಟ್ಟ ಗುರಿ ಮೋಸ ಅಲ್ಲ, ಜಾತಿ. ಗಂಡ ಬೇರೆ ಯಾವುದೋ ಸುಳ್ಳು ಹೇಳಿದ್ದರೆ ಮಕ್ಕಳನ್ನು ಕೊಲ್ಲುವ ಕಾರಣ ಇರುತ್ತಿರಲಿಲ್ಲ. ನಿಜವಾದ ಸಿಟ್ಟನ್ನು ತೆಗೆದುಕೊಂಡು ಅದನ್ನು ಬೇರೊಬ್ಬರ ಪಟ್ಟಿಯ ಕೆಲಸಕ್ಕೆ ಹಚ್ಚುವುದು: ಬೇಟೆಯ ಕತೆಗಳ ಹಳೆಯ ಉಪಾಯ ಇದೇ. ಶಿಕಾಗೋದ ಸೆರಾಳೂ ಇದಕ್ಕೆ ಹೊರತಲ್ಲ. ಶತಮಾನಗಳಿಂದ ನಡೆದ ಯುದ್ಧವೊಂದು ಅವಳಿಗಾಗಿ ಸಿದ್ಧವಾಗಿ ಕಾದಿರುತ್ತದೆ. ಯಾರ ವಿರುದ್ಧ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಜಾತ್ರೆಯ ಆಚರಣೆ ಈ ಕತೆಯನ್ನು ಮರೆಸುತ್ತ ಬಂದಿದೆ. ಹಿಂದೆ ಗಂಡನ ಬದಲು ಕೋಣ. 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯ ನಂತರ, ಒಂದೊಂದು ಊರಲ್ಲಿ ಒಂದೊಂದು ಕಾಲಕ್ಕೆ, ಕೋಣದ ಬದಲು ಕುಂಬಳಕಾಯಿ. ನಮ್ಮೂರಲ್ಲಿ ಈ ಸಲ ಕುಂಬಳಕಾಯಿಯೇ. ಹೊನ್ನಾಟದ ಭಂಡಾರ ಊರನ್ನೆಲ್ಲ ಹಳದಿ ಮಾಡಿತ್ತು, ಡಿಜೆ ಇತ್ತು, ಉಡಿ ತುಂಬಲು ಹೆಂಗಸರ ಸಾಲು ಅಗಸಿಯವರೆಗೆ ಇತ್ತು. ಕೋಣ ಉಳಿಯಿತೆಂದು ನನಗೆ ಸಂತೋಷವೇ. ಆದರೆ ಬದಲಿ ಬದಲಾದಂತೆಲ್ಲ ಮೂಲದಲ್ಲಿ ಒಬ್ಬ ಮನುಷ್ಯನಿದ್ದ ಎಂಬುದು ಹಿಂದಕ್ಕೆ ಸರಿಯುತ್ತದೆ. ಕುಂಬಳಕಾಯಿ ಒಡೆಯುವಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗರನ್ನು ಯಾಕೆ ಒಡೆಯುತ್ತಾರೆ ಎಂದು ಕೇಳಿದೆ. ‘ದೃಷ್ಟಿ ತಗ್ಯಾಕ್ರಿ ಅಕ್ಕಾರ’ ಎಂದರು.

ಇದೇ ಬದಲಿಯ ಉಪಾಯವನ್ನು ಕನ್ನಡದ ಜನಪ್ರಿಯ ಸಿನಿಮಾ ಒಂದೂ ಬಳಸಿದೆ. ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004) ದೆವ್ವ ಹೊಕ್ಕ ನಾಯಕಿಯ ಕತೆಗಳಲ್ಲಿ ನಮ್ಮ ಪೀಳಿಗೆಗೆ ಅತಿ ಹೆಚ್ಚು ಪರಿಚಿತವಾದದ್ದು. ಸೌಂದರ್ಯ ಅಭಿನಯಿಸಿದ ಗಂಗಾ, ರಾಜನೊಬ್ಬನಿಂದ ಅನ್ಯಾಯಕ್ಕೊಳಗಾಗಿ ಸತ್ತ ನರ್ತಕಿ ನಾಗವಲ್ಲಿಯೇ ತಾನೆಂದು ನಂಬಿ, ಸೇಡಿಗೆ ಅವನನ್ನು ಹುಡುಕುತ್ತಾಳೆ. ಇಲ್ಲಿ ಬೇಟೆಯ ಗುರಿ ನ್ಯಾಯವಾದದ್ದು. ಪಟ್ಟಿಯನ್ನು ಬರೆದವಳು ನೊಂದವಳೇ. ಆದರೆ ಸಿನಿಮಾ ಅವಳನ್ನು ರೋಗಿ ಎನ್ನುತ್ತದೆ. ಕೊನೆಗೆ ವೈದ್ಯ ರಾಜನ ಬದಲು ಒಂದು ಗೊಂಬೆಯನ್ನು ಒಪ್ಪಿಸಿ ಅವಳನ್ನು ಸಮಾಧಾನ ಮಾಡುತ್ತಾನೆ. ಎರಡನ್ನೂ ಒಟ್ಟಿಗೆ ನೋಡಿದರೆ ನಗು ಬರುವುದಿಲ್ಲ. ಕೇರಿಯ ಹುಡುಗ ಸಾಯಬೇಕಾದಾಗ ಹೆಣ್ಣಿನ ಮೈಮೇಲೆ ಬಂದದ್ದು ದೇವಿ. ರಾಜ ಸಾಯಬೇಕಾದಾಗ ಬಂದದ್ದು ಕಾಯಿಲೆ.

ಹಾಗಾದರೆ ಕತೆಯನ್ನು ತಲೆಕೆಳಗು ಮಾಡಿದರೆ ಸಾಕೇ? ಮೈಸೂರಿನಲ್ಲಿ ಕೆಲವು ವರ್ಷ ನಡೆದ ಮಹಿಷ ದಸರಾ ಅಂಥ ಪ್ರಯತ್ನ. ಮಹಿಷ ರಾಕ್ಷಸನಲ್ಲ, ಈ ನೆಲದ ಒಳ್ಳೆಯ ದೊರೆ ಎಂದು ಅದು ಹೇಳುತ್ತದೆ. ಅದರ ಹಿಂದಿನ ನೋವು ನನ್ನದೂ ಹೌದು. ಆದರೂ ಸಾಹಿತ್ಯದ ವಿದ್ಯಾರ್ಥಿಯಾಗಿ ಒಂದು ಅನುಮಾನ ಉಳಿಯುತ್ತದೆ. ಅಸುರನನ್ನು ದೊರೆ ಮಾಡಿದಾಗ ದೇವಿ ಬರೀ ಕೊಲೆಗಾತಿಯಾಗುತ್ತಾಳೆ. ಅವಳ ಸಿಟ್ಟಿನ ಕಾರಣ ಕೇಳುವವರಿಲ್ಲವಾಗುತ್ತದೆ. ಒಂದು ಪಟ್ಟಿ ಹೋಗಿ ಇನ್ನೊಂದು ಬಂದಂತಾಯಿತು. ದ್ಯಾಮವ್ವನ ಕತೆಯ ಹೆಚ್ಚುಗಾರಿಕೆ ಇರುವುದು ಇಬ್ಬರನ್ನೂ ಒಂದೇ ಮನೆಯಲ್ಲಿ ಇಟ್ಟದ್ದರಲ್ಲಿ. ಅದನ್ನು ಕಳೆದುಕೊಳ್ಳಬಾರದು.

ಬರೆಯುವ ದಾರಿ ಇಲ್ಲವೆಂದಲ್ಲ. ಧಾರವಾಡದಲ್ಲೇ ಓದಿ ಬೆಳೆದ ಗಿರೀಶ ಕಾರ್ನಾಡರು ‘ಅಗ್ನಿ ಮತ್ತು ಮಳೆ’ ನಾಟಕದಲ್ಲಿ ಆ ದಾರಿ ತೋರಿಸಿದ್ದಾರೆ. ಅಲ್ಲಿನ ಬ್ರಹ್ಮರಾಕ್ಷಸ ಒಬ್ಬನನ್ನು ಕೊಲ್ಲಲೆಂದೇ ಮಂತ್ರದಿಂದ ಎಬ್ಬಿಸಲ್ಪಟ್ಟವನು. ಕೆಲಸ ಮುಗಿದ ಮೇಲೆ ಅವನು ಯಾರಿಗೂ ಬೇಡ. ಎಬ್ಬಿಸಿದವನ ಮಗನ ಬಳಿ ಬಂದು, ನಿನ್ನಪ್ಪ ನನ್ನನ್ನು ಎಬ್ಬಿಸಿದ, ಹಾಗಾಗಿ ನಾನು ನಿನಗೆ ಅಣ್ಣತಮ್ಮನಾದೆ, ನನಗೆ ಮುಕ್ತಿ ಕೊಡಿಸು ಎಂಬ ವಾದ ಹೂಡುತ್ತಾನೆ. ಕೊನೆಗೆ ವರ ಕೇಳುವ ಅವಕಾಶ ಬಂದಾಗ ಅರವಸು ತನ್ನ ಪ್ರೀತಿಯ ನಿತ್ತಿಲೆಯನ್ನು ಬದುಕಿಸಿಕೊಳ್ಳುವುದನ್ನು ಬಿಟ್ಟು ಆ ರಾಕ್ಷಸನ ಬಿಡುಗಡೆ ಕೇಳುತ್ತಾನೆ. ರಾಕ್ಷಸನೂ ಸಂಬಂಧಿಕ ಎಂದು ಒಪ್ಪಿಕೊಂಡ ಮೇಲೆ ಬೇಟೆ ಸಾಧ್ಯವಿಲ್ಲ. ಮಳೆ ಬರುವುದು ಆಮೇಲೆ. ಆದರೆ ಅದಕ್ಕೆ ಬೆಲೆ ತೆತ್ತವಳು ಬೇಡರ ಹುಡುಗಿ ನಿತ್ತಿಲೆ ಎಂಬುದನ್ನೂ ಮರೆಯಲಾಗದು. ಅಲ್ಲಿಯೂ ಹೆಣ್ಣಿನ ಪಾಲು ಪೂರ್ತಿ ಬರೆದು ಮುಗಿದಿಲ್ಲ.

ಜಾತ್ರೆಯ ಕೊನೆಯ ದಿನ ದೇವಿಯನ್ನು ಸೀಮೆಗೆ ಒಯ್ದು ಬಂದ ಮೇಲೆ ಆಯಿಯ ಹತ್ತಿರ ಕೂತೆ. ಈಗ ಅವಳಿಗೆ ಮೈಮೇಲೆ ಬರುವುದು ನಿಂತು ಬಹಳ ವರ್ಷ ಆಯಿತು. ಮಂಡಿ ನೋವು, ಕಣ್ಣಿಗೆ ಪೊರೆ. ‘ಅಲ್ಲ ಆಯಿ, ನಮ್ಮ ಹುಡುಗನ್ನ ಕೊಂದಾಕಿ ಆಕಿ. ಆಕಿ ನಿನ್ನ ಮೈಮ್ಯಾಗ ಹ್ಯಾಂಗ ಬರ್ತಿದ್ಲು?’ ಎಂದು ಕೇಳಿದೆ. ಎಷ್ಟೋ ವರ್ಷಗಳಿಂದ ಕೇಳಬೇಕೆಂದಿದ್ದ ಪ್ರಶ್ನೆ.

ಆಯಿಗೆ ಅದು ಪ್ರಶ್ನೆ ಅನಿಸಲೇ ಇಲ್ಲ. ‘ಯವ್ವಾ, ಆಕಿ ನಮ್ಮ ಕೇರಿ ಸೊಸಿ. ಮತ್ತೆಲ್ಲಿಗೆ ಹೋಗ್ಬೇಕ? ತವರಿನವರು ಒಳಗ ಕರಕೊಂಡ್ರೇನು?’ ಎಂದಳು.

ಪಂಡಿತರ ಪುಸ್ತಕಗಳಲ್ಲಿ ನಾನು ಕಾಣದ ಓದು ಇದು. ಗಂಡನನ್ನು ಕೊಂದ ಮೇಲೂ ಅವಳು ಸೊಸೆಯೇ. ಕೇರಿಯೊಂದೇ ಅವಳಿಗೆ ಉಳಿದ ಮನೆ. ಮೇಲಿನವರ ಕತೆಯಲ್ಲಿ ಅವಳು ಕಳಂಕ ತೊಳೆದುಕೊಂಡು ದೇವಿಯಾದಳು. ಆಯಿಯ ಕತೆಯಲ್ಲಿ ಎಲ್ಲ ಸುಟ್ಟುಕೊಂಡು ಅತ್ತೆಯ ಮನೆಗೆ ಬಂದಳು. ಅವಳ ತಪ್ಪನ್ನು ಆಯಿ ಮನ್ನಿಸಿದಳೆಂದೂ ಅಲ್ಲ, ಮರೆತಳೆಂದೂ ಅಲ್ಲ. ಸಂಬಂಧ ಕಡಿಯಲಿಲ್ಲ, ಅಷ್ಟೇ.

‘ಮತ್ತ ಆ ಮುದುಕಿ? ಹೋಳಿಗಿ ಉಂಡಾಕಿ? ಆಮ್ಯಾಲೆ ಆಕಿ ಏನಾದ್ಲು?’

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅದನ್ನ ಯಾರೂ ಹೇಳೂದಿಲ್ಲ. ಏನಾಗ್ತಾಳ, ನಡಕೋತ ಊರಿಗೆ ಬಂದಿರ್ತಾಳ. ರೊಟ್ಟಿ ಬಡೀಬೇಕಲ್ಲ’ ಎಂದಳು.

ಕತೆಯಲ್ಲಿ ಆ ತಾಯಿಗೆ ಇರುವುದು ಒಂದೇ ಮಾತು, ಮಗನ ಜೀವ ತೆಗೆದ ಮಾತು. ಅದರ ಮುಂದಿನದನ್ನು ಯಾರೂ ಬರೆದಿಲ್ಲ.

ಕನ್ನಡದಲ್ಲಿ ಈಗ ಫ್ಯಾಂಟಸಿ ಬರೆಯಬೇಕೆಂಬ ಹುಮ್ಮಸ್ಸಿನ ಗೆಳೆಯರು ಹಲವರು ನನಗೆ ಗೊತ್ತು. ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಲ್ಲಿ, ಬೆಂಗಳೂರಿನ ಮೆಟ್ರೊದಲ್ಲಿ ದೆವ್ವ ಬೇಟೆಯಾಡುವ ಹುಡುಗಿಯರನ್ನು ಅವರು ಖಂಡಿತ ಬರೆಯಬೇಕು; ನಾನು ಓದುತ್ತೇನೆ. ಸ್ಲೇಡ್ ಅವರಿಂದ ವೇಗ ಕಲಿಯಲಿ, ಸಿಟ್ಟಿಗೆ ನಾಚದ ನಾಯಕಿಯನ್ನು ಕಲಿಯಲಿ. ಆದರೆ ಮೊದಲ ದೆವ್ವವನ್ನು ಕೊಲ್ಲುವ ಮುನ್ನ ತಮ್ಮೂರ ಗುಡಿಯ ಕತೆಯನ್ನು ಎರಡು ಓಣಿಗಳಲ್ಲಿ, ಗೌಡರ ಓಣಿಯಲ್ಲಿ ಒಮ್ಮೆ, ಕೇರಿಯಲ್ಲಿ ಒಮ್ಮೆ, ಕೇಳಿ ಬರಲಿ. ಆ ಮುದುಕಿ ಎರೆಹೊಲದ ದಾರಿಯಲ್ಲಿ ಒಬ್ಬಳೇ ನಡೆದು ಬಂದ ರಾತ್ರಿಯಿಂದ ಒಂದು ಕಾದಂಬರಿ ಶುರುವಾಗಬಹುದು.